ಚಂದ್ರನಿಗೆ ಪಿಂಗ್: ನೆಟ್‌ವರ್ಕ್ ಬಲ್ಲವರಿಗೊಂದು ಪಜಲ್ ಹಂಟ್

ನಿಮ್ಮ ಕೈಗೆ ಒಂದು ಚೀಟಿ ಬರುತ್ತದೆ. ಅದರಲ್ಲಿ ಮೂರೇ ಸಾಲು.

224.178.166.224
178.184.224.178
176.224.178.190

ಕೆಳಗೆ ಒಂದು ಮಾತು: ‘ಚಂದ್ರನ ಕೇಂದ್ರದಿಂದ ಬಂದ ಒಂದು ಲಾಗ್. ಮೊದಲ ಮನೆಯಲ್ಲಿ ಯಾರೂ ವಾಸವಿಲ್ಲ.’ ಏನು ಮಾಡಬೇಕು ಅಂತ ಎಲ್ಲೂ ಬರೆದಿಲ್ಲ.

ನೋಡಿದ ಕೂಡಲೇ ಇವು ಐಪಿ ವಿಳಾಸಗಳು, ಅಂದರೆ ಜಾಲದಲ್ಲಿ ಕಂಪ್ಯೂಟರುಗಳನ್ನು ಗುರುತಿಸುವ ಸಂಖ್ಯೆಗಳು, ಅನ್ನಿಸುತ್ತದೆ. ನಾಲ್ಕು ಸಂಖ್ಯೆ, ನಡುವೆ ಚುಕ್ಕಿ, ಯಾವುದೂ 255 ದಾಟಿಲ್ಲ. ಆದರೆ ನೆಟ್‌ವರ್ಕ್ ಕೆಲಸ ಮಾಡಿದವರಿಗೆ ಮೊದಲ ಸಾಲಿನಲ್ಲೇ ಅನುಮಾನ ಬರಬೇಕು. 224ರಿಂದ 239ರವರೆಗೆ ಶುರುವಾಗುವ ವಿಳಾಸಗಳು ಮಲ್ಟಿಕಾಸ್ಟ್‌ಗೆ ಮೀಸಲು. ಅವು ಒಂದು ಗುಂಪಿಗೆ ಒಟ್ಟಿಗೆ ಕಳಿಸುವ ವಿಳಾಸಗಳು, ಯಾವ ಒಂದು ಕಂಪ್ಯೂಟರಿಗೂ ಸೇರಿದ್ದಲ್ಲ. ‘ಯಾರೂ ವಾಸವಿಲ್ಲ’ ಅಂದದ್ದು ಅದಕ್ಕೇ. ಹಾಗಾದರೆ ಇವನ್ನು ವಿಳಾಸ ಅಂತ ಓದಬಾರದು. ಬರೀ ಸಂಖ್ಯೆ ಅಂತ ಓದಬೇಕು.

ಚುಕ್ಕಿ ಮತ್ತು ಸಾಲು ಮರೆತು ಹನ್ನೆರಡು ಸಂಖ್ಯೆಗಳನ್ನೂ ಒಂದೇ ಉದ್ದಕ್ಕೆ ಬರೆಯಿರಿ: 224, 178, 166, 224, 178, 184, 224, 178, 176, 224, 178, 190. ಈಗ ಕಾಣುತ್ತದೆ ನೋಡಿ. ಪ್ರತಿ ಮೂರಕ್ಕೊಮ್ಮೆ 224 ಬರುತ್ತಿದೆ, ಅದರ ಹಿಂದೆಯೇ 178. ಬದಲಾಗುತ್ತಿರುವುದು ಮೂರನೆಯದು ಮಾತ್ರ.

ಕಂಪ್ಯೂಟರುಗಳು ಅಕ್ಷರಗಳನ್ನು ಇಡುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ, ಪ್ರತಿ ಕಾಗುಣಿತದ ಗುರುತಿಗೂ ಮೂರು ಬೈಟ್ (0ರಿಂದ 255ರವರೆಗಿನ ಸಂಖ್ಯೆ) ಬೇಕು. ಮೊದಲ ಬೈಟ್ ಯಾವಾಗಲೂ 224. ಎರಡನೆಯದು 178 ಅಥವಾ 179. ತೆಲುಗಾದರೆ 176 ಅಥವಾ 177, ಮಲಯಾಳವಾದರೆ 180 ಅಥವಾ 181. ಅಂದರೆ ಎರಡನೇ ಸಂಖ್ಯೆ ಲಿಪಿ ಯಾವುದು ಅಂತ ಹೇಳಿಬಿಡುತ್ತದೆ. ಮೂರನೆಯದರಿಂದ ಅಕ್ಷರ ಸಿಗುತ್ತದೆ: 166 ಅಂದರೆ ದ, 184 ಅಂದರೆ ಸ, 176 ಅಂದರೆ ರ, 190 ಅಂದರೆ ಆ-ಕಾರದ ಗುರುತು. ಸೇರಿಸಿದರೆ ‘ದಸರಾ’.

ಮೈಸೂರಿನ ಹುಡುಗನಿಗೋ ಹುಡುಗಿಗೋ ಈ ಪದ ಕಂಡ ಕ್ಷಣ ಉತ್ತರ ಸರಿ ಅಂತ ಯಾರೂ ಹೇಳಬೇಕಾಗಿಲ್ಲ. ತಪ್ಪು ದಾರಿಯಲ್ಲಿ ಹೋಗಿದ್ದರೆ ‘ಗಱ್ಞೂ’ ಅಂತ ಏನೋ ಬರುತ್ತಿತ್ತು. ಒಳ್ಳೆಯ ಒಗಟಿನ ಮೊದಲ ಲಕ್ಷಣ ಇದೇ. ಉತ್ತರ ತಾನೇ ತನ್ನ ಸಾಕ್ಷಿ ಹೇಳಬೇಕು.

ಇಂಥ ಒಗಟುಗಳ ಸರಣಿಗೆ ಪಜಲ್ ಹಂಟ್ ಅನ್ನುತ್ತಾರೆ. ನಮ್ಮ ಕಾಲೇಜು ಫೆಸ್ಟ್‌ಗಳಲ್ಲಿ ನಡೆಯುವ ಟ್ರೆಷರ್ ಹಂಟ್‌ಗೆ ಇದು ದೂರದ ನೆಂಟ. ಅಲ್ಲಿ ಓಡಾಟ ಜಾಸ್ತಿ, ಇಲ್ಲಿ ಕೂತು ತಲೆ ಕೆಡಿಸಿಕೊಳ್ಳುವುದು ಜಾಸ್ತಿ. ಅಮೆರಿಕದ ಎಂಐಟಿಯಲ್ಲಿ 1981ರಲ್ಲಿ ಶುರುವಾದ ಮಿಸ್ಟರಿ ಹಂಟ್ ಈ ಆಟದ ದೊಡ್ಡಣ್ಣ. ಪ್ರತಿ ಜನವರಿ ನಡೆಯುತ್ತದೆ. ಕ್ಯಾಂಪಸ್ಸಿನಲ್ಲಿ ಬಚ್ಚಿಟ್ಟ ನಾಣ್ಯವನ್ನು ಹುಡುಕಿದ ತಂಡವೇ ಮುಂದಿನ ವರ್ಷದ ಒಗಟುಗಳನ್ನು ಬರೆಯಬೇಕು. ಗೆದ್ದದ್ದಕ್ಕೆ ಬಹುಮಾನ ಒಂದು ವರ್ಷದ ದುಡಿಮೆ! ಆದರೂ ಗೆಲ್ಲಲು ಜನ ಸಾಲುಗಟ್ಟಿ ಬರುತ್ತಾರೆ.

ಕಂಪ್ಯೂಟರ್ ಭದ್ರತೆಯವರ ಕ್ಯಾಪ್ಚರ್ ದ ಫ್ಲ್ಯಾಗ್ ಸ್ಪರ್ಧೆಗಳಿಗೂ ಇದಕ್ಕೂ ವ್ಯತ್ಯಾಸ ಇದೆ. ಅಲ್ಲಿ ಬೀಗ ಒಡೆಯುವುದೇ ಆಟ. ನೆಟ್‌ವರ್ಕ್ ಪಜಲ್ ಹಂಟ್‌ನಲ್ಲಿ ಏನನ್ನೂ ಒಡೆಯುವುದಿಲ್ಲ. ಜಾಲದಲ್ಲಿ ಓಡಾಡುವ ಮಾಹಿತಿಯ ತುಣುಕುಗಳು, ಅಂದರೆ ಪ್ಯಾಕೆಟ್ಟುಗಳು, ನಡೆದುಕೊಳ್ಳುವ ರೀತಿಯಲ್ಲೇ ಸುಳಿವು ಇರುತ್ತದೆ. ಆ ರೀತಿ ಗೊತ್ತಿದ್ದವರಿಗೆ ದಾರಿ ತೆರೆಯುತ್ತದೆ. ನನಗೆ ಈ ಆಟ ಇಷ್ಟವಾಗುವುದು ಇದೇ ಕಾರಣಕ್ಕೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತ ಟಿಟಿಎಲ್, ಸಬ್‌ನೆಟ್, ಡಿಎನ್‌ಎಸ್ ಎಲ್ಲ ಇಲ್ಲಿ ಕೈಗೆ ಸಿಗುವ ಸಾಮಾನುಗಳಾಗುತ್ತವೆ.

ಇದಕ್ಕೆ ವೈಜ್ಞಾನಿಕ ಕಾದಂಬರಿಯಂಥ ಕಥೆ ಯಾಕೆ ಬೇಕು? ಸುಮ್ನೆ ಅಲಂಕಾರಕ್ಕಲ್ಲ. ನೆಟ್‌ವರ್ಕ್ ಕ್ಷೇತ್ರದ ಹುಟ್ಟಿನಲ್ಲೇ ಆ ಕನಸು ಇತ್ತು. 1963ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜೆ.ಸಿ.ಆರ್. ಲಿಕ್‌ಲೈಡರ್ ತನ್ನ ಜೊತೆಗಾರರಿಗೆ ಬರೆದ ಟಿಪ್ಪಣಿಯಲ್ಲಿ ಅವರನ್ನು ‘ಇಂಟರ್‌ಗ್ಯಾಲಕ್ಟಿಕ್ ಕಂಪ್ಯೂಟರ್ ನೆಟ್‌ವರ್ಕ್’ನ ಸದಸ್ಯರೇ ಅಂತ ಕರೆದ. ಆಗ ಎರಡು ಊರಿನ ಕಂಪ್ಯೂಟರುಗಳು ಮಾತಾಡಿಕೊಳ್ಳುವುದೇ ದೊಡ್ಡ ಮಾತು. ಆರು ವರ್ಷದ ನಂತರ, 1969ರ ಅಕ್ಟೋಬರ್ 29ರಂದು, ಅಂತರ್ಜಾಲದ ಪೂರ್ವಜವಾದ ಅರ್ಪಾನೆಟ್‌ನಲ್ಲಿ ಮೊದಲ ಸಂದೇಶ ಹೊರಟಿತು. ‘ಲಾಗಿನ್’ ಅಂತ ಕಳಿಸಬೇಕಿತ್ತು. ಮೊದಲ ಎರಡು ಅಕ್ಷರ ಹೋಗುವಷ್ಟರಲ್ಲಿ ಆ ಕಡೆಯ ಯಂತ್ರ ಕೂತುಬಿಟ್ಟಿತು.

ಈ ಜನರ ಕಲ್ಪನೆ ಅಲ್ಲಿಗೇ ನಿಲ್ಲಲಿಲ್ಲ. ಪಾರಿವಾಳದ ಕಾಲಿಗೆ ಐಪಿ ಪ್ಯಾಕೆಟ್ ಕಟ್ಟಿ ಕಳಿಸುವ ನಿಯಮಾವಳಿ 1990ರ ಏಪ್ರಿಲ್ 1ರಂದು ಪ್ರಕಟವಾಯಿತು. 2001ರಲ್ಲಿ ನಾರ್ವೆಯ ಬರ್ಗೆನ್ ನಗರದ ಲಿನಕ್ಸ್ ಬಳಗ ಅದನ್ನು ನಿಜವಾಗಿಯೂ ಮಾಡಿ ನೋಡಿತು. ಒಂಬತ್ತು ಪಿಂಗ್, ಅಂದರೆ ‘ಇದ್ದೀಯಾ?’ ಅಂತ ಕೇಳುವ ಪ್ಯಾಕೆಟ್ಟುಗಳು, ಹೋದವು, ನಾಲ್ಕು ಉತ್ತರ ಬಂದವು. ಅತಿ ಬೇಗ ಬಂದ ಉತ್ತರಕ್ಕೂ 53 ನಿಮಿಷ ಹಿಡಿಯಿತು.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ಕಾರಣ ಇದೆ. ನೆಟ್‌ವರ್ಕ್‌ನ ಎಲ್ಲ ನಿಯಮಗಳ ಹಿಂದೆಯೂ ದೂರ ಇದೆ, ತಡ ಇದೆ, ದಾರಿಯಲ್ಲಿ ಕಳೆದುಹೋಗುವ ಭಯ ಇದೆ. ಮೈಸೂರಿನ ಒಂದು ಕೋಣೆಯಲ್ಲಿ ಕೂತರೆ ಇವು ಅನುಭವಕ್ಕೆ ಬರುವುದಿಲ್ಲ. ಮೈಸೂರಿನಿಂದ ಬೆಂಗಳೂರಿಗೆ ಸುಮಾರು 145 ಕಿಲೋಮೀಟರ್. ಫೈಬರಿನ ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು ಒಂದೂವರೆ ಮಿಲಿಸೆಕೆಂಡ್ ಸಾಕು. ಇಷ್ಟು ಕಡಿಮೆ ತಡ ಯಾರ ಗಮನಕ್ಕೆ ಬರುತ್ತದೆ? ಕಥೆಯನ್ನು ಚಂದ್ರನಿಗೆ ಕೊಂಡೊಯ್ದರೆ ಎಲ್ಲವೂ ಕಣ್ಣಿಗೆ ಕಾಣತೊಡಗುತ್ತದೆ.

ಹಾಗಾಗಿ ನಾನು ಹೆಣೆದ ಕಥೆ ಇದು. ವರ್ಷ 2135. ಚಂದ್ರನ ಮೇಲೆ ಒಂದು ಪ್ರಸಾರ ಕೇಂದ್ರ. ಅದರ ಹೆಸರು ಆಕಾಶವಾಣಿ. ಯಾಕೆಂದರೆ ಅದಕ್ಕೆ ಸರಿಯಾಗಿ 200 ವರ್ಷ ಹಿಂದೆ, 1935ರಲ್ಲಿ, ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನ ತಮ್ಮ ಮನೆಯಿಂದಲೇ ಆ ಹೆಸರಿನ ರೇಡಿಯೊ ಕೇಂದ್ರ ನಡೆಸಿದ್ದರು. ಒಂದು ದಿನ ಚಂದ್ರನ ಕೇಂದ್ರ ಮೌನವಾಗುತ್ತದೆ. ವಿಳಾಸ ಬದಲಾಗಿದೆ, ಹೊಸ ವಿಳಾಸ ಯಾರಿಗೂ ಗೊತ್ತಿಲ್ಲ. ಉಳಿದಿರುವ ಮೂರು ಲಾಗ್‌ಗಳಿಂದ ಅದನ್ನು ಕಂಡುಹಿಡಿಯಬೇಕು. ಮೊದಲ ಲಾಗ್ ನೀವು ಆಗಲೇ ಬಿಡಿಸಿದ್ದೀರಿ.

ಎರಡನೆಯದು ಟ್ರೇಸ್‌ರೂಟ್ ಒಗಟು. ಪ್ಯಾಕೆಟ್ಟು ಹೋಗುವ ದಾರಿಯನ್ನು ತೋರಿಸುವ ಸಲಕರಣೆ ಇದು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಟ್ರೇಸ್‌ರೂಟ್ ಕೆಲಸ ಮಾಡುವ ಬಗೆ ಅಷ್ಟು ಚೆನ್ನಾಗಿದೆ.

ಪ್ರತಿ ಐಪಿ ಪ್ಯಾಕೆಟ್ಟಿನ ತಲೆಯಲ್ಲೂ ಟಿಟಿಎಲ್ ಅನ್ನುವ ಒಂದು ಸಂಖ್ಯೆ ಇರುತ್ತದೆ. ಲಿನಕ್ಸ್ ಸಾಮಾನ್ಯವಾಗಿ 64ರಿಂದ, ವಿಂಡೋಸ್ 128ರಿಂದ ಶುರು ಮಾಡುತ್ತದೆ. ದಾರಿಯಲ್ಲಿ ಸಿಗುವ ಪ್ರತಿ ರೂಟರ್ (ಪ್ಯಾಕೆಟ್ಟನ್ನು ಮುಂದಿನ ದಾರಿಗೆ ಹಚ್ಚುವ ಯಂತ್ರ) ಅದರಿಂದ ಒಂದು ಕಳೆಯುತ್ತದೆ. ಸೊನ್ನೆಯಾದರೆ ಪ್ಯಾಕೆಟ್ಟನ್ನು ಎಸೆದು, ಕಳಿಸಿದವರಿಗೆ ‘ಇದರ ಕಾಲ ಮುಗಿಯಿತು’ ಅಂತ ಒಂದು ಸಂದೇಶ ಕಳಿಸುತ್ತದೆ. ದಾರಿ ತಪ್ಪಿದ ಪ್ಯಾಕೆಟ್ಟುಗಳು ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರಬಾರದು ಅನ್ನುವುದಕ್ಕೆ ಮಾಡಿದ ಏರ್ಪಾಡು ಅದು.

1980ರ ದಶಕದ ಕೊನೆಯಲ್ಲಿ ವ್ಯಾನ್ ಜೇಕಬ್ಸನ್ ಈ ಏರ್ಪಾಡನ್ನು ಬೇರೆ ಕೆಲಸಕ್ಕೆ ತಿರುಗಿಸಿದ. ಬೇಕೆಂತಲೇ ಟಿಟಿಎಲ್ 1 ಇಟ್ಟು ಪ್ಯಾಕೆಟ್ ಕಳಿಸಿದರೆ ಮೊದಲ ರೂಟರಿನಲ್ಲೇ ಅದು ಸೊನ್ನೆಯಾಗುತ್ತದೆ. ಆ ರೂಟರ್ ದೂರು ಕಳಿಸುತ್ತದೆ. ದೂರಿನ ಮೇಲೆ ಅದರ ವಿಳಾಸ ಇರುತ್ತದೆ! ಮುಂದೆ ಟಿಟಿಎಲ್ 2, ಎರಡನೇ ರೂಟರಿನ ವಿಳಾಸ. ಹೀಗೆ ಒಂದೊಂದೇ ಹೆಜ್ಜೆ. ಯಾರನ್ನೂ ನಕ್ಷೆ ಕೇಳದೆ, ಬರೀ ದೂರುಗಳಿಂದ ಇಡೀ ದಾರಿ ಗೊತ್ತಾಗುತ್ತದೆ.

ಈ ವಿಳಾಸಗಳ ಪಕ್ಕದಲ್ಲಿ ಹೆಸರುಗಳೂ ಬರುತ್ತವೆ. ಅವು ಬರುವುದು ವಿಳಾಸ ಕೊಟ್ಟರೆ ಹೆಸರು ಹೇಳುವ ರಿವರ್ಸ್ ಡಿಎನ್‌ಎಸ್‌ನಿಂದ. ಆ ವಿಳಾಸ ಯಾರದೋ ಅವರೇ ಹೆಸರು ಬರೆದಿಟ್ಟಿರುತ್ತಾರೆ. ಅದು ನಿಜವೋ ಸುಳ್ಳೋ ಅಂತ ಯಾರೂ ಪರೀಕ್ಷೆ ಮಾಡುವುದಿಲ್ಲ. ಅಂದರೆ ಅಲ್ಲಿ ಏನು ಬೇಕಾದರೂ ಬರೆಯಬಹುದು, ಅಲ್ವಾ? 2013ರಲ್ಲಿ ಅಮೆರಿಕದ ಒಬ್ಬ ನೆಟ್‌ವರ್ಕ್ ಎಂಜಿನಿಯರ್ ಹೀಗೇ ಮಾಡಿದ. ಅವನ ಒಂದು ವಿಳಾಸಕ್ಕೆ ಟ್ರೇಸ್‌ರೂಟ್ ಮಾಡಿದರೆ ಪ್ರಸಿದ್ಧ ಬಾಹ್ಯಾಕಾಶ ಸಿನಿಮಾವೊಂದರ ಆರಂಭದಲ್ಲಿ ತೆರೆಯ ಮೇಲೆ ಏರಿ ಹೋಗುವ ಮಾತುಗಳು ಸಾಲುಸಾಲಾಗಿ ಬರುತ್ತಿದ್ದವು, ಒಂದೊಂದು ರೂಟರಿನ ಹೆಸರಾಗಿ.

ನಮ್ಮ ಒಗಟಿನಲ್ಲಿ ಟ್ರೇಸ್‌ರೂಟ್ ಮಾಡಿದರೆ ಈ ಹೆಸರುಗಳು ಬರುತ್ತವೆ: ಕುಶಾಲನಗರ, ನರಸೀಪುರ, ಕನ್ನಂಬಾಡಿ, ಶ್ರೀರಂಗಪಟ್ಟಣ, ತಲಕಾಡು, ಶಿವನಸಮುದ್ರ. ಚೀಟಿಯಲ್ಲಿರುವ ಮಾತು: ‘ಮೇಲಿನಿಂದ ಕೆಳಕ್ಕೆ ಇಳಿದು ಬಂದೆ. ಒಬ್ಬರು ಸರದಿ ತಪ್ಪಿ ನಿಂತಿದ್ದಾರೆ.’

ಮಂಡ್ಯದವರು ಇದನ್ನು ಓದಿ ಮುಗಿಸುವ ಮೊದಲೇ ಉತ್ತರ ಹೇಳುತ್ತಾರೆ. ಇದು ಕಾವೇರಿ ಹರಿಯುವ ದಾರಿ. ಕನ್ನಂಬಾಡಿ ಕಟ್ಟೆಗಿಂತ ಮೊದಲು ತಿರುಮಕೂಡಲು ನರಸೀಪುರ ಬರಲು ಸಾಧ್ಯವೇ ಇಲ್ಲ. ಕಪಿಲೆ ಬಂದು ಸೇರುವ ಆ ಊರು ಶ್ರೀರಂಗಪಟ್ಟಣ ದಾಟಿದ ಮೇಲೆ, ತಲಕಾಡಿಗಿಂತ ಮೊದಲು. ಹಾಗಾಗಿ ಉತ್ತರ ‘ನರಸೀಪುರ’.

ಒಗಟು ಬರೆಯುವವರು ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ನರಸೀಪುರ ಮತ್ತು ತಲಕಾಡು ಎರಡನ್ನೇ ಹಿಂದುಮುಂದು ಮಾಡಿದ್ದರೆ ಒಗಟು ಕೆಟ್ಟುಹೋಗುತ್ತಿತ್ತು. ಸರದಿ ತಪ್ಪಿದ್ದು ಯಾರು? ನರಸೀಪುರ ಮುಂದೆ ಬರಬೇಕೋ, ತಲಕಾಡು ಹಿಂದೆ ಹೋಗಬೇಕೋ? ಎರಡೂ ಸರಿಯಾಗುತ್ತದೆ. ಎರಡು ಮನೆ ದೂರ ಸರಿಸಿದರೆ ಮಾತ್ರ ಒಂದೇ ಉತ್ತರ ಉಳಿಯುತ್ತದೆ. ಜೊತೆಗೆ, ನಿಜವಾದ ಅಂತರ್ಜಾಲದಲ್ಲಿ ಪ್ಯಾಕೆಟ್ಟುಗಳು ಒಮ್ಮೊಮ್ಮೆ ಬೇರೆ ಬೇರೆ ದಾರಿಯಲ್ಲಿ ಹೋಗುತ್ತವೆ. ಕೆಲವು ರೂಟರುಗಳು ದೂರನ್ನೇ ಕಳಿಸುವುದಿಲ್ಲ, ಆಗ ಆ ಸಾಲಿನಲ್ಲಿ ನಕ್ಷತ್ರ ಚಿಹ್ನೆ ಮಾತ್ರ ಬರುತ್ತದೆ. ಹಾಗಾಗಿ ಒಗಟಿಗೆ ನಮ್ಮದೇ ಪುಟ್ಟ ಜಾಲ ಬೇಕು.

ಅದಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಲಿನಕ್ಸ್‌ನಲ್ಲಿ ನೆಟ್‌ವರ್ಕ್ ನೇಮ್‌ಸ್ಪೇಸ್ ಅನ್ನುವ ಸೌಲಭ್ಯ ಇದೆ. ಒಂದೇ ಲ್ಯಾಪ್‌ಟಾಪಿನೊಳಗೆ ಆರು ರೂಟರುಗಳನ್ನು ಸೃಷ್ಟಿಸಿ, ಒಂದಕ್ಕೊಂದು ತಂತಿ ಎಳೆದ ಹಾಗೆ ಜೋಡಿಸಬಹುದು. ಪ್ರತಿಯೊಂದಕ್ಕೂ ಬೇರೆ ವಿಳಾಸ, ಬೇರೆ ದಾರಿಪಟ್ಟಿ. ಒಂದು ಸಾಧಾರಣ ವೈ-ಫೈ ರೂಟರ್ ಜೊತೆಗಿದ್ದರೆ ಕೋಣೆಯಲ್ಲಿರುವ ಎಲ್ಲ ತಂಡಗಳೂ ಸೇರಿಕೊಳ್ಳಬಹುದು.

ಮೂರನೆಯದೇ ಚಂದ್ರನ ಒಗಟು. ಚೀಟಿಯಲ್ಲಿ ಒಂದು ವಿಳಾಸ, ಮತ್ತು ‘32 ಮೀಟರಿನ ಕಿವಿ, 2008. ನಾನು ಎಷ್ಟು ದೂರ? ಯಾವ ಪಯಣಕ್ಕಾಗಿ ಈ ಕಿವಿ?’ ಅನ್ನುವ ಮಾತು. ವಿಳಾಸಕ್ಕೆ ಪಿಂಗ್ ಮಾಡಿದರೆ ಪಕ್ಕದ ಮೇಜಿನ ಲ್ಯಾಪ್‌ಟಾಪಿನಿಂದ ಉತ್ತರ ಬರಲು 2,560 ಮಿಲಿಸೆಕೆಂಡ್. ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ.

ಹೊಸಬರು ‘ನೆಟ್ ಸ್ಲೋ ಇದೆ’ ಅಂದುಬಿಡುತ್ತಾರೆ. ಆದರೆ ನಿಧಾನದ ಜಾಲದಲ್ಲಿ ಸಮಯ ಏರಿಳಿಯುತ್ತದೆ, ಇಷ್ಟು ಸ್ಥಿರವಾಗಿರುವುದಿಲ್ಲ. ಸ್ಥಿರವಾದ ತಡ ಅಂದರೆ ಅದು ದೂರ. ಅರ್ಧ ಮಾಡಿ: 1.28 ಸೆಕೆಂಡ್. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಗುಣಿಸಿದರೆ 3,84,000. ಭೂಮಿಯಿಂದ ಚಂದ್ರನಿಗಿರುವ ಸರಾಸರಿ ದೂರ! 32 ಮೀಟರಿನ ಕಿವಿ ಅಂದರೆ ಬ್ಯಾಲಾಳುವಿನ ಆಂಟೆನಾ. ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯಿಂದ ಬಹಳ ದೂರವಿಲ್ಲದ ಆ ಹಳ್ಳಿಯಲ್ಲಿ ಇಸ್ರೋ ಅದನ್ನು ನಿಲ್ಲಿಸಿದ್ದು ಚಂದ್ರಯಾನ-1ಕ್ಕಾಗಿ. ಉತ್ತರ ‘ಚಂದ್ರಯಾನ’.

ಈ ತಡವನ್ನು ಹುಟ್ಟಿಸುವುದು ಲಿನಕ್ಸ್‌ನ ನೆಟೆಮ್ ಅನ್ನುವ ಸಲಕರಣೆ. ಹೋಗುವಾಗ 1,280, ಬರುವಾಗ 1,280 ಮಿಲಿಸೆಕೆಂಡ್ ತಡೆಹಿಡಿ ಅಂದರೆ ಸಾಕು. ಬಿಡುವಿದ್ದರೆ ಆ ಯಂತ್ರಕ್ಕೆ ಟಿಸಿಪಿ (ಎರಡು ಯಂತ್ರಗಳು ಮಾತಾಡಿಕೊಳ್ಳುವ ಒಂದು ಪದ್ಧತಿ) ಸಂಪರ್ಕ ಮಾಡಿ, ಓಡಾಡುವ ಪ್ಯಾಕೆಟ್ಟುಗಳನ್ನು ತೋರಿಸುವ ವೈರ್‌ಶಾರ್ಕ್‌ನಲ್ಲಿ ನೋಡಿ. ‘ಮಾತಾಡೋಣವೇ’ ಅಂತ ಕೇಳುವ ಮೊದಲ ಪ್ಯಾಕೆಟ್ ಹೋಗುತ್ತದೆ. ಒಂದು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಟಿಸಿಪಿ ಅದು ಕಳೆದುಹೋಯಿತು ಅಂತ ಭಾವಿಸಿ ಇನ್ನೊಮ್ಮೆ ಕೇಳುತ್ತದೆ. ಚಂದ್ರನಿಂದ ಉತ್ತರ ಆಗಿನ್ನೂ ದಾರಿಯಲ್ಲೇ ಇರುತ್ತದೆ. ಏನೂ ಕಳೆದಿಲ್ಲ, ಆದರೂ ಒಂದೇ ಪ್ರಶ್ನೆ ಒಂದಕ್ಕಿಂತ ಹೆಚ್ಚು ಸಲ. ಭೂಮಿಗಾಗಿ ಬರೆದ ನಿಯಮ ಭೂಮಿಯಾಚೆ ಎಲ್ಲಿ ಎಡವುತ್ತದೆ ಅನ್ನುವುದು ಆ ಸಾಲುಗಳಲ್ಲಿ ಕಾಣುತ್ತದೆ.

ಮಂಗಳನಾದರೆ ಇನ್ನೂ ಕಷ್ಟ. 2014ರ ಸೆಪ್ಟೆಂಬರ್ 24ರಂದು ನಮ್ಮ ಮಂಗಳಯಾನ ಅಲ್ಲಿ ಕಕ್ಷೆ ಸೇರಿದಾಗ ಅದರ ಸಂಕೇತ ಇಲ್ಲಿಗೆ ಬರಲು ಸುಮಾರು 12 ನಿಮಿಷ ಬೇಕಿತ್ತು. ಟಿಸಿಪಿ ಮಾತು ಶುರು ಮಾಡುವ ಮೊದಲು ಹೋಗಿ-ಬಂದು ಕೈಕುಲುಕುತ್ತದೆ. ಅದಕ್ಕೇ 24 ನಿಮಿಷ. ಆಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಸಿಗಲು ಇನ್ನೊಂದು 24. ಅಷ್ಟರಲ್ಲಿ ನಮ್ಮ ಕಂಪ್ಯೂಟರ್ ಯಾವಾಗಲೋ ಕೈಚೆಲ್ಲಿರುತ್ತದೆ. ವಿಂಡೋಸ್‌ನ ಪಿಂಗ್ ಕಾಯುವುದೇ 4 ಸೆಕೆಂಡ್. ಅದಕ್ಕೇ ಟಿಸಿಪಿ ರೂಪಿಸಿದವರಲ್ಲಿ ಒಬ್ಬರಾದ ವಿಂಟ್ ಸರ್ಫ್ ಮತ್ತು ನಾಸಾದ ಎಂಜಿನಿಯರುಗಳು ಬೇರೆ ದಾರಿ ಹಿಡಿದರು. ಅದರ ಹೆಸರು ಬಂಡಲ್ ಪ್ರೋಟೋಕಾಲ್. ಇಲ್ಲಿ ಕೈಕುಲುಕಲು ಕಾಯುವುದಿಲ್ಲ. ಮಾಹಿತಿಯ ಗಂಟು ಕಟ್ಟಿ ಪಕ್ಕದ ನಿಲ್ದಾಣಕ್ಕೆ ಒಪ್ಪಿಸಿಬಿಡುವುದು. ಮುಂದಿನ ಕೊಂಡಿ ಸಿಗುವ ತನಕ ಆ ನಿಲ್ದಾಣ ಗಂಟನ್ನು ಜೋಪಾನ ಮಾಡುತ್ತದೆ. ಈ ಕುಟುಂಬದ ಇನ್ನೊಂದು ಪ್ರೋಟೋಕಾಲಿಗೆ ಲಿಕ್‌ಲೈಡರ್ ಹೆಸರನ್ನೇ ಇಟ್ಟಿದ್ದಾರೆ.

ಈಗ ಮೂರು ಉತ್ತರ ಕೈಯಲ್ಲಿವೆ. ಪಜಲ್ ಹಂಟ್‌ನ ಜೀವಾಳ ಇಲ್ಲಿಂದ ಮುಂದೆ. ಬಿಡಿ ಉತ್ತರಗಳೆಲ್ಲ ಸೇರಿ ಇನ್ನೊಂದು ಒಗಟಾಗಬೇಕು. ಇದಕ್ಕೆ ಮೆಟಾ ಅನ್ನುತ್ತಾರೆ. ಪ್ರತಿ ಸರಿಯುತ್ತರಕ್ಕೂ ತಂಡಕ್ಕೆ ಎರಡು ಸಂಖ್ಯೆ ಸಿಗುತ್ತದೆ. ದಸರಾಕ್ಕೆ ‘ಟಿಟಿಎಲ್ 63, /24’. ನರಸೀಪುರಕ್ಕೆ ‘ಟಿಟಿಎಲ್ 62, /24’. ಚಂದ್ರಯಾನಕ್ಕೆ ‘ಟಿಟಿಎಲ್ 64, /48’.

ಟಿಟಿಎಲ್ ದಾರಿಯುದ್ದಕ್ಕೂ ಕಡಿಮೆಯಾಗುತ್ತಾ ಹೋಗುತ್ತದೆ. ಹಾಗಾದರೆ 64, 63, 62 ಅನ್ನುವುದೇ ಸರದಿ: ಚಂದ್ರಯಾನ, ದಸರಾ, ನರಸೀಪುರ. ಚಂದ್ರನಿಂದ ಮೈಸೂರಿಗೆ, ಅಲ್ಲಿಂದ ನರಸೀಪುರಕ್ಕೆ. ಇನ್ನು ಆ ಓರೆಗೆರೆ. ಸಬ್‌ನೆಟ್ (ಜಾಲದ ಒಂದು ತುಂಡು) ಬರೆಯುವಾಗ /24 ಅಂದರೆ ವಿಳಾಸದ ಮೊದಲ 24 ಬಿಟ್ ಮಾತ್ರ ಗಮನಿಸು ಅಂತ. ಅದನ್ನೇ ಪದಕ್ಕೆ ಹಚ್ಚಿ. ಕನ್ನಡದ ಒಂದು ಅಕ್ಷರಕ್ಕೆ ಮೂರು ಬೈಟ್ ಅಂತ ಮೊದಲ ಒಗಟೇ ಕಲಿಸಿದೆ. ಮೂರು ಬೈಟ್ ಅಂದರೆ 24 ಬಿಟ್. ದಸರಾದ ಮೊದಲ 24 ಬಿಟ್ ‘ದ’. ನರಸೀಪುರದ್ದು ‘ನ’. ಚಂದ್ರಯಾನದ ಮೊದಲ 48 ಬಿಟ್ ಅಂದರೆ ಚ ಮತ್ತು ಸೊನ್ನೆ, ‘ಚಂ’. ಸೇರಿಸಿ: ಚಂದನ.

ಮೈಸೂರಿನ ಗಂಧಕ್ಕಿಂತ ಒಳ್ಳೆಯ ಕೊನೆಯ ಉತ್ತರ ನನಗೆ ಹೊಳೆಯಲಿಲ್ಲ. ಆದರೆ ಬೇಟೆ ಇನ್ನೂ ಮುಗಿದಿಲ್ಲ, ಹುಡುಕಬೇಕಾಗಿದ್ದು ವಿಳಾಸ ತಾನೆ? ಚಂದನಕ್ಕೆ ಚ, ಸೊನ್ನೆ, ದ, ನ ಅಂತ ನಾಲ್ಕು ಸಂಕೇತ, 96 ಬಿಟ್. ಐಪಿವಿ6 ಅನ್ನುವ ಹೊಸ ಪೀಳಿಗೆಯ ಐಪಿ ವಿಳಾಸಕ್ಕೆ 128 ಬಿಟ್. ಉಳಿದದ್ದು 32. ಐಪಿವಿ6ರಲ್ಲಿ ಪುಸ್ತಕ ಮತ್ತು ಪಾಠಗಳ ಉದಾಹರಣೆಗೆ ಅಂತಲೇ ಮೀಸಲಿಟ್ಟ ಒಂದು ವಿಳಾಸವಲಯ ಇದೆ. ಅದರ ಮುಂಭಾಗ ಸರಿಯಾಗಿ 32 ಬಿಟ್! ಅದರ ಹಿಂದೆ ಚಂದನದ ಹನ್ನೆರಡು ಬೈಟ್ ಜೋಡಿಸಿದರೆ ಒಂದು ಬಿಟ್ ಹೆಚ್ಚಿಲ್ಲ, ಒಂದು ಬಿಟ್ ಕಡಿಮೆಯಿಲ್ಲ. ಹೊರಗಿನ ಅಂತರ್ಜಾಲಕ್ಕೆ ಸೇರದ ನಮ್ಮ ಪುಟ್ಟ ಜಾಲದಲ್ಲಿ ಒಂದು ಯಂತ್ರ ಆ ವಿಳಾಸದಲ್ಲಿ ಕಾಯುತ್ತಿರುತ್ತದೆ. ಮೊದಲು ಪಿಂಗ್ ಮಾಡಿದ ತಂಡ ಗೆದ್ದಂತೆ.

ತಂಡ ಕಟ್ಟುವಾಗ ಎಲ್ಲರೂ ಕಂಪ್ಯೂಟರ್ ಸೈನ್ಸಿನವರೇ ಆಗಬೇಕಿಲ್ಲ. ಮಂಡ್ಯದ ಬೀದಿಗಳಲ್ಲಿ ಫೈಬರ್ ಎಳೆದು ಸ್ಪ್ಲೈಸ್ ಮಾಡುವ ಹುಡುಗರಿಗೆ ತಡ ಮತ್ತು ದೂರದ ಲೆಕ್ಕ ಕೈಬೆರಳಲ್ಲಿರುತ್ತದೆ. ಕಾವೇರಿ ದಂಡೆಯವರೊಬ್ಬರು, ಕನ್ನಡ ಯೂನಿಕೋಡ್ ಬಲ್ಲವರೊಬ್ಬರು, ವೈರ್‌ಶಾರ್ಕ್ ಗೊತ್ತಿರುವವರೊಬ್ಬರು. ಇಂಥ ಮಿಶ್ರ ತಂಡವೇ ಬೇಗ ಮುಟ್ಟುತ್ತದೆ. ಒಗಟು ಬರೆಯುವವರೂ ಇದನ್ನು ನೆನಪಿಟ್ಟುಕೊಳ್ಳಬೇಕು. ಸ್ಥಳೀಯ ಸಂಗತಿ ಬಳಸಿದಾಗ ಅದು ಊರಿನವರೆಲ್ಲರಿಗೂ ಗೊತ್ತಿರುವಂಥದ್ದಾಗಿರಲಿ.

ನಿಯಮಗಳ ವಿಷಯದಲ್ಲಿ ಮಾತ್ರ ನಾನು ಸಡಿಲ ಬಿಡುವುದಿಲ್ಲ. ಆಟದ ಯಂತ್ರಗಳು ಯಾವುವು ಅಂತ ಮೊದಲೇ ಪಟ್ಟಿ ಕೊಡಬೇಕು. ಅದರಾಚೆ ಯಾರೂ ಸ್ಕ್ಯಾನ್ ಮಾಡಬಾರದು. ಮೊದಲ ಒಗಟಿನ ಎರಡನೇ ಮತ್ತು ಮೂರನೇ ಸಾಲು ಹೊರಜಗತ್ತಿನಲ್ಲಿ ನಿಜವಾದ ವಿಳಾಸಗಳೇ ಆಗಿರಬಹುದು. ಅದಕ್ಕೇ ತಂಡಗಳು ಕೂರುವ ಜಾಲಕ್ಕೆ ಹೊರಗಿನ ಸಂಪರ್ಕ ಇರಕೂಡದು. ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರಿಗೆ ನುಗ್ಗಿದರೆ ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ನಿನ ಅಡಿ ಪರಿಹಾರ ಕಟ್ಟಬೇಕಾಗುತ್ತದೆ; ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದರೆ 66ನೇ ಸೆಕ್ಷನ್ನಿನ ಅಡಿ ಅಪರಾಧ. ಮೂರು ವರ್ಷದವರೆಗೆ ಜೈಲಾಗಬಹುದು. ಆಟ ಅನ್ನುವುದು ಅಲ್ಲಿ ನೆಪವಾಗುವುದಿಲ್ಲ.

ಮಾಡಿ ನೋಡುವ ಮನಸ್ಸಿದ್ದರೆ ಮೂರು ಒಗಟು, ಒಂದು ಮೆಟಾ ಸಾಕು. ಮೆಟಾವನ್ನೇ ಮೊದಲು ಬರೆಯಿರಿ, ಅದಕ್ಕೆ ಬೇಕಾದ ಉತ್ತರಗಳನ್ನು ಇಟ್ಟುಕೊಂಡು ಉಳಿದವನ್ನು ಕಟ್ಟಿ. ಆಮೇಲೆ ಇದರ ಗಂಧಗಾಳಿಯೇ ಇಲ್ಲದ ಇಬ್ಬರು ಗೆಳೆಯರನ್ನು ಕೂರಿಸಿ ಬಿಡಿಸಲು ಹೇಳಿ. ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೋ ಅಲ್ಲಿ ಚೀಟಿಯ ಮಾತನ್ನು ತಿದ್ದಿ. ಒಂದು ಒಗಟಿನ ಮುಂದೆ ಅರ್ಧ ಗಂಟೆ ಕದಲದೆ ಕೂತ ತಂಡಕ್ಕೆ ಕೊಡಲು ಮೂರು ಸುಳಿವುಗಳನ್ನು ಬರೆದಿಟ್ಟುಕೊಳ್ಳಿ: ಮೊದಲನೆಯದು ಯಾವ ಕಡೆ ನೋಡಬೇಕು ಅಂತ ತೋರಿಸಲಿ, ಎರಡನೆಯದು ಯಾವ ಸಲಕರಣೆ ಬೇಕು ಅಂತ ಹೇಳಲಿ, ಮೂರನೆಯದು ಮೊದಲ ಹೆಜ್ಜೆಯನ್ನೇ ಬಿಡಿಸಿ ಕೊಡಲಿ.